ಹಳದಿ ಮೈಬಣ್ಣದ ಸಿಂಪ್ಸನ್ ಸಂಸಾರ: ಮೊದಲ ಸಲ ನೋಡುವ ಹೆತ್ತವರಿಗೆ ಒಂದು ಪರಿಚಯ

ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ಅವರು ಯಾವ ಕಾರ್ಟೂನು ನೋಡಬೇಕೆಂಬ ತೀರ್ಮಾನ ಹೆತ್ತವರ ಕೈಯಲ್ಲಿ ಪೂರ್ತಿಯಾಗಿ ಉಳಿದಿಲ್ಲ. ಅರ್ಧ ನಿಮಿಷದ, ಒಂದು ನಿಮಿಷದ ತುಣುಕುಗಳಾಗಿ ಮನೆಯೊಳಗೆ ಬಂದು ಸೇರಿರುವ ಮುಖಗಳಲ್ಲಿ ಹಳದಿ ಮೈಬಣ್ಣದ ಬೋಳುತಲೆಯ ತಂದೆಯೊಬ್ಬನದೂ, ಗರಗಸದ ಹಲ್ಲಿನಂತಹ ಕೂದಲಿನ ಹುಡುಗನೊಬ್ಬನದೂ ಇವೆ. ಇವರು ಅಮೆರಿಕದ 'ದಿ ಸಿಂಪ್ಸನ್ಸ್' ಎಂಬ ಧಾರಾವಾಹಿಯ ಪಾತ್ರಗಳು. ಕಾರ್ಟೂನು ಎಂದ ಮೇಲೆ ಅದು ಮಕ್ಕಳದೇ ಎಂದು ನಂಬುವುದು ನಮ್ಮ ರೂಢಿ. ಈ ಧಾರಾವಾಹಿಯ ವಿಷಯದಲ್ಲಿ ಆ ನಂಬಿಕೆ ಸಲ್ಲದು. ಇದು ದೊಡ್ಡವರಿಗಾಗಿ ಬರೆದ, ಆದರೆ ಮಕ್ಕಳೂ ನೋಡುವ, ಸಂಸಾರದ ಹಾಸ್ಯ ಕಥೆ.

ನಾವು ಈ ಧಾರಾವಾಹಿಗೆ ಹೊಸಬರು. ತುಣುಕುಗಳನ್ನು ಬದಿಗಿಟ್ಟು ಹಳೆಯ ಸಂಚಿಕೆಗಳಲ್ಲಿ ಐದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆವು. ನೋಡುವಾಗ ನಮಗೆ ಏನೆನಿಸಿತು, ಎಲ್ಲಿ ತಡವರಿಸಿದೆವು, ಮಕ್ಕಳಿರುವ ಮನೆಯಲ್ಲಿ ಇದನ್ನು ಹೇಗೆ ನೋಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಯಾರು ಈ ಸಿಂಪ್ಸನ್ನರು?

ಈ ಪಾತ್ರಗಳನ್ನು ಕಲ್ಪಿಸಿದವರು ವ್ಯಂಗ್ಯಚಿತ್ರಕಾರ ಮ್ಯಾಟ್ ಗ್ರೇನಿಂಗ್. 1987ರ ಏಪ್ರಿಲ್‌ನಲ್ಲಿ ಇವು ಇನ್ನೊಂದು ಹಾಸ್ಯ ಕಾರ್ಯಕ್ರಮದ ನಡುವೆ ತೋರಿಸುವ ಕಿರುಚಿತ್ರಗಳಾಗಿ ಮೊದಲು ಕಾಣಿಸಿಕೊಂಡವು. ಅರ್ಧ ಗಂಟೆಯ ಸ್ವತಂತ್ರ ಧಾರಾವಾಹಿಯಾಗಿ 1989ರ ಡಿಸೆಂಬರ್ 17ರಂದು ಫಾಕ್ಸ್ ವಾಹಿನಿಯಲ್ಲಿ ಆರಂಭವಾಯಿತು. ಅಂದಿನಿಂದ ನಡೆದುಬಂದಿರುವ ಇದು ಈಗ ಅಮೆರಿಕದ ಅತ್ಯಂತ ದೀರ್ಘಕಾಲದ ಹಾಸ್ಯ ಧಾರಾವಾಹಿ. ಇದರ 750ಕ್ಕೂ ಹೆಚ್ಚು ಸಂಚಿಕೆಗಳು ಪ್ರಸಾರವಾಗಿವೆ.

ತಂದೆ ಹೋಮರ್ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಸುರಕ್ಷತೆಯನ್ನು ನೋಡಿಕೊಳ್ಳುವ ಕೆಲಸಗಾರ. ಮನೆಯನ್ನು ತೂಗಿಸಿಕೊಂಡು ಹೋಗುವವಳು ತಾಯಿ ಮಾರ್ಜ್. ಹತ್ತು ವರ್ಷದ ಬಾರ್ಟ್ ತುಂಟ, ಎಂಟು ವರ್ಷದ ಲೀಸಾ ಜಾಣೆ, ಮ್ಯಾಗಿ ಇನ್ನೂ ಮಾತು ಬಾರದ ಹಸುಗೂಸು. ಗ್ರೇನಿಂಗ್ ತಮ್ಮ ತಂದೆ, ತಾಯಿ ಮತ್ತು ಇಬ್ಬರು ಸೋದರಿಯರ ಹೆಸರುಗಳನ್ನೇ ಪಾತ್ರಗಳಿಗೆ ಇಟ್ಟರು. ತಮ್ಮ ಹೆಸರಿನ ಬದಲಿಗೆ ಮಾತ್ರ ಬಾರ್ಟ್ ಎಂಬ ಹೆಸರನ್ನು ತಂದರು. ತುಂಟ ಎಂಬರ್ಥದ 'ಬ್ರ್ಯಾಟ್' ಎಂಬ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಅದು ದೊರೆಯುತ್ತದೆ. ಕಥೆ ನಡೆಯುವ ಊರು ಸ್ಪ್ರಿಂಗ್‌ಫೀಲ್ಡ್. ಆ ಹೆಸರಿನ ಊರುಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ. ಇದು ಯಾವ ರಾಜ್ಯದ್ದು ಎಂಬುದನ್ನು ಬೇಕೆಂದೇ ಮರೆಮಾಚಲಾಗಿದೆ.

ಹೊಸಬರಿಗೆ ಮೊದಲು ವಿಚಿತ್ರವೆನಿಸುವುದು ಹಳದಿ ಬಣ್ಣ ಮತ್ತು ಕೈಗೆ ನಾಲ್ಕೇ ಬೆರಳು. ಅದು ಐದೇ ನಿಮಿಷದಲ್ಲಿ ರೂಢಿಯಾಗುತ್ತದೆ. ರೂಢಿಯಾಗಲು ತಡವಾಗುವುದು ಬೇರೊಂದು ಸಂಗತಿ. ಆ ಕಾಲದ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಪ್ರತಿ ಚಟಾಕಿಯ ಹಿಂದೆ ನಗೆಯ ಸದ್ದು ಕೇಳಿಸುತ್ತಿತ್ತು. ಇಲ್ಲಿ ಅದಿಲ್ಲ. ಎಲ್ಲಿ ನಗಬೇಕೆಂದು ಯಾರೂ ಸೂಚಿಸುವುದಿಲ್ಲ. ಇಂಗ್ಲಿಷ್ ಮಾತಿನ ವೇಗಕ್ಕೆ ಒಗ್ಗದವರು ಮೊದಲ ಹತ್ತು ನಿಮಿಷ ಗಂಭೀರವಾಗಿಯೇ ಕುಳಿತಿರುತ್ತಾರೆ. ನಾವೂ ಹಾಗೆಯೇ ಕುಳಿತಿದ್ದೆವು.

ಹದಿಮೂರು ಡಾಲರಿನ ಹಬ್ಬ

ಮೊದಲು ಪ್ರಸಾರವಾದ ಸಂಚಿಕೆ ಕ್ರಿಸ್‌ಮಸ್ ಹಬ್ಬದ ಕಥೆ. ಹಬ್ಬದ ಖರ್ಚಿಗೆಂದು ಮಾರ್ಜ್ ಹಣ ಕೂಡಿಟ್ಟಿರುತ್ತಾಳೆ. ಅಷ್ಟರಲ್ಲಿ ಬಾರ್ಟ್ ತಾಯಿಗೆ ಸಂತೋಷವಾದೀತೆಂದು ತೋಳಿನ ಮೇಲೆ 'ತಾಯಿ' ಎಂದು ಹಚ್ಚೆ ಹಾಕಿಸಿಕೊಳ್ಳಲು ಹೋಗುತ್ತಾನೆ. ಅದನ್ನು ತೆಗೆಸುವ ಚಿಕಿತ್ಸೆಗೆ ಆ ಹಣವೆಲ್ಲ ಮುಗಿದುಹೋಗುತ್ತದೆ. ಹೋಮರನ ಬೋನಸ್ ಬರುತ್ತದಲ್ಲ ಎಂದು ಅವಳು ಸಮಾಧಾನ ತಂದುಕೊಳ್ಳುತ್ತಾಳೆ. ಅದೇ ಹೊತ್ತಿಗೆ ಸ್ಥಾವರದ ಮಾಲೀಕ ಬರ್ನ್ಸ್ ಈ ವರ್ಷ ಬೋನಸ್ ಇಲ್ಲವೆಂದು ಸಾರಿರುತ್ತಾನೆ.

ಹೋಮರನಿಗೆ ಅದನ್ನು ಮನೆಯಲ್ಲಿ ಹೇಳುವ ಧೈರ್ಯವಿಲ್ಲ. ಅಂಗಡಿ ಸಂಕೀರ್ಣವೊಂದರಲ್ಲಿ ಸಾಂತಾ ಕ್ಲಾಸ್ ವೇಷ ಹಾಕಿ ಕೂರುವ ಕೆಲಸವನ್ನು ಗುಟ್ಟಾಗಿ ಹಿಡಿಯುತ್ತಾನೆ. ತರಬೇತಿಯ ಖರ್ಚು, ವೇಷದ ಖರ್ಚು, ಗಡ್ಡದ ಬಾಡಿಗೆ ಎಂದೆಲ್ಲ ಕಳೆದು ಕೊನೆಗೆ ಅವನ ಕೈ ಸೇರುವುದು 13 ಡಾಲರ್. ಅದನ್ನು ನಾಯಿಗಳ ಓಟದ ಜೂಜಿಗೆ ಕಟ್ಟಿ ಕಳೆದುಕೊಳ್ಳುತ್ತಾನೆ. ಸೋತ ನಾಯಿಯನ್ನು ಅದರ ಒಡೆಯ ಹೊರಗಟ್ಟಿದಾಗ ತಂದೆ ಮಗ ಅದನ್ನೇ ಮನೆಗೆ ಕರೆತರುತ್ತಾರೆ. ಬೋನಸ್ ಬರಲಿಲ್ಲವೆಂದು ಒಪ್ಪಿಕೊಳ್ಳಲು ಅವನು ಬಾಯಿ ತೆರೆಯುವಷ್ಟರಲ್ಲಿ, ಆ ನಾಯಿಯೇ ಹಬ್ಬದ ಉಡುಗೊರೆಯೆಂದು ತಿಳಿದು ಮನೆಮಂದಿಯೆಲ್ಲ ಸಂಭ್ರಮಿಸುತ್ತಾರೆ.

ಇದು ನಾವು ನಿರೀಕ್ಷಿಸಿದ ಕಾರ್ಟೂನು ಆಗಿರಲಿಲ್ಲ. ಸಂಬಳದ ಚೀಟಿಯಲ್ಲಿ ಕಡಿತಗಳನ್ನು ಓದಿ ತಲೆ ಮೇಲೆ ಕೈಹೊತ್ತು ಕುಳಿತ ತಂದೆಯನ್ನು ನೋಡಿ ಮಕ್ಕಳು ನಗಬಹುದು. ಹಬ್ಬದ ಮುಂಚಿನ ವಾರ ಲೆಕ್ಕ ಹಾಕಿ ಬಲ್ಲ ದೊಡ್ಡವರಿಗೆ ಆ ನಗೆಯ ಕೆಳಗಿರುವುದು ಗೊತ್ತಾಗುತ್ತದೆ. ಒಂದೇ ದೃಶ್ಯ ಎರಡು ವಯಸ್ಸಿನವರಿಗೆ ಎರಡು ಬಗೆಯಲ್ಲಿ ಕಾಣುವುದು ಈ ಧಾರಾವಾಹಿಯ ಗುಣ.

ಬೈಗುಳ, ಕುಡಿತ ಮತ್ತು ಅಧ್ಯಕ್ಷರ ಆಕ್ಷೇಪ

ಮುಜುಗರವಾಗುವ ದೃಶ್ಯಗಳೂ ಇವೆ. ಸಿಟ್ಟು ಬಂದಾಗ ಹೋಮರ್ ಮಗನ ಕುತ್ತಿಗೆ ಹಿಸುಕುತ್ತಾನೆ. ಸಂಜೆ ಹೆಂಡದಂಗಡಿಯಲ್ಲಿ ಕೂರುತ್ತಾನೆ. ಪಾದ್ರಿ, ಪೊಲೀಸ್, ವೈದ್ಯ, ಮೇಯರ್, ಶಾಲೆಯ ಪ್ರಾಂಶುಪಾಲ, ಹೀಗೆ ಯಾರೊಬ್ಬರೂ ಗೇಲಿಯಿಂದ ಪಾರಾಗುವುದಿಲ್ಲ. ಬಾರ್ಟ್ ಹಿರಿಯರಿಗೆ ಎದುರುತ್ತರ ಕೊಡುತ್ತಾನೆ.

ಅಮೆರಿಕದಲ್ಲಿಯೂ ಇದಕ್ಕೆ ವಿರೋಧವಿತ್ತು. 1990ರಲ್ಲಿ ಬಾರ್ಟ್‌ನ ಚಿತ್ರವಿದ್ದ ಅಂಗಿಗಳನ್ನು ಕೆಲವು ಶಾಲೆಗಳು ನಿಷೇಧಿಸಿದವು. ಕಲಿಕೆಯಲ್ಲಿ ಹಿಂದುಳಿಯುವುದೇ ಹೆಮ್ಮೆ ಎಂಬ ಅರ್ಥದ ಮಾತು ಆ ಅಂಗಿಗಳ ಮೇಲಿತ್ತು. 1992ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್, ಅಮೆರಿಕದ ಕುಟುಂಬಗಳು ಸಿಂಪ್ಸನ್ನರಿಗಿಂತ ವಾಲ್ಟನ್ನರಂತೆ ಆಗಬೇಕು ಎಂದು ಭಾಷಣ ಮಾಡಿದರು. 'ದಿ ವಾಲ್ಟನ್ಸ್' 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಬಾಳಿದ ಹಳ್ಳಿಯ ಸದ್ಗೃಹಸ್ಥರ ಕಥೆ. ಮೂರೇ ದಿನಗಳಲ್ಲಿ ಧಾರಾವಾಹಿ ಉತ್ತರ ಕೊಟ್ಟಿತು. ಸಿಂಪ್ಸನ್ನರು ಟಿ.ವಿ.ಯಲ್ಲಿ ಅದೇ ಭಾಷಣವನ್ನು ನೋಡುವ ಒಂದು ಸಣ್ಣ ದೃಶ್ಯವನ್ನು ಹಳೆಯ ಸಂಚಿಕೆಯೊಂದರ ಮರುಪ್ರಸಾರದ ಮುಂದೆ ಸೇರಿಸಲಾಯಿತು. ತಾವೂ ವಾಲ್ಟನ್ನರಂತೆಯೇ, ಆರ್ಥಿಕ ಕುಸಿತ ಮುಗಿಯಲೆಂದು ಪ್ರಾರ್ಥಿಸುತ್ತಿದ್ದೇವೆ ಎಂದು ಬಾರ್ಟ್ ಅದರಲ್ಲಿ ಹೇಳುತ್ತಾನೆ.

ಈ ಬಗೆಯ ಬರವಣಿಗೆಗೆ ನಮ್ಮಲ್ಲಿ ವಿಡಂಬನೆ ಎಂಬ ಹೆಸರಿದೆ. ತಪ್ಪನ್ನು ದೊಡ್ಡದಾಗಿ ತೋರಿಸಿ ನಗಿಸುವುದು ಅದರ ದಾರಿ. ಹಾಗೆ ತೋರಿಸಿದ ಮಾತ್ರಕ್ಕೆ ಅದನ್ನು ಒಪ್ಪಿದಂತಾಗದು. ಆದರೆ ಈ ವ್ಯತ್ಯಾಸವನ್ನು ಎಂಟು ವರ್ಷದ ಮಗು ತಾನಾಗಿ ಗ್ರಹಿಸಲಾರದು. ಅರ್ಧ ನಿಮಿಷದ ತುಣುಕಿನಲ್ಲಿ ಕಾಣುವುದು ಕುತ್ತಿಗೆ ಹಿಸುಕುವ ಕೈ ಮಾತ್ರ. ಮುಂದೆ ಆ ತಂದೆಗೆ ಏನಾಯಿತು ಎಂಬುದು ಕಾಣದು. ತುಣುಕುಗಳ ಬಗ್ಗೆ ನಮಗಿರುವ ಮುಖ್ಯ ಆಕ್ಷೇಪ ಇದೇ.

ಐವತ್ತೊಂಬತ್ತು ಅಂಕದ ಅಳು

ಶಾಲಾ ಮಕ್ಕಳಿರುವ ಮನೆಯವರು ಒಂದೇ ಸಂಚಿಕೆ ನೋಡುವುದಾದರೆ 1990ರ ಅಕ್ಟೋಬರ್ 11ರಂದು ಪ್ರಸಾರವಾದ 'ಬಾರ್ಟ್ ಗೆಟ್ಸ್ ಆ್ಯನ್ ಎಫ್' ನೋಡಲಿ ಎಂದು ನಾವು ಹೇಳುತ್ತೇವೆ. 'ಎಫ್' ಎಂದರೆ ಅನುತ್ತೀರ್ಣ. ಬಾರ್ಟ್ ಒಂದರ ಮೇಲೊಂದು ಪರೀಕ್ಷೆಯಲ್ಲಿ ಸೋಲುತ್ತಾನೆ. ನಾಲ್ಕನೇ ತರಗತಿಯಲ್ಲೇ ಅವನನ್ನು ಇನ್ನೊಂದು ವರ್ಷ ಕೂರಿಸಬೇಕೆಂಬ ಸಲಹೆ ಬರುತ್ತದೆ. ಕೊನೆಯ ಅವಕಾಶ ಇತಿಹಾಸದ ಒಂದು ಪರೀಕ್ಷೆ. ಪರೀಕ್ಷೆಯ ಹಿಂದಿನ ರಾತ್ರಿಯೂ ಓದು ಮುಗಿದಿಲ್ಲ. ಇನ್ನೊಂದು ದಿನ ಸಿಗಲೆಂದು ಅವನು ದೇವರನ್ನು ಬೇಡುತ್ತಾನೆ. ಬೆಳಗಾಗುವಷ್ಟರಲ್ಲಿ ಭಾರೀ ಹಿಮ ಸುರಿದು ಶಾಲೆಗೆ ರಜೆಯಾಗಿರುತ್ತದೆ. ಊರೆಲ್ಲ ಹಿಮದಲ್ಲಿ ಆಡುತ್ತಿರುವಾಗ, ಅವನ ಪ್ರಾರ್ಥನೆ ಕೇಳಿಸಿಕೊಂಡಿದ್ದ ತಂಗಿ ಲೀಸಾ ಅದನ್ನು ನೆನಪಿಸುತ್ತಾಳೆ. ಬಾರ್ಟ್ ಕಿಟಕಿಯ ಹೊರಗಿನ ಆಟವನ್ನು ಬಿಟ್ಟು ಓದಲು ಕೂರುತ್ತಾನೆ.

ಅವನಿಗೆ ಬರುವ ಅಂಕ 59. ಉತ್ತೀರ್ಣನಾಗಲು ಒಂದು ಅಂಕ ಕಡಿಮೆ. ಸಂಚಿಕೆಯುದ್ದಕ್ಕೂ ತುಂಟತನ ಮಾಡಿದ ಹುಡುಗ ಅಲ್ಲಿ ಬಿಕ್ಕಿಬಿಕ್ಕಿ ಅಳುತ್ತಾನೆ. ಓದದೆ ಸೋಲುವುದು ಅವನಿಗೆ ರೂಢಿ. ಓದಿಯೂ ಸೋಲುವುದು ಅವನಿಗೆ ಹೊಸದು. ಅಳುತ್ತಲೇ, 1754ರಲ್ಲಿ ಜಾರ್ಜ್ ವಾಷಿಂಗ್ಟನ್ ಫೋರ್ಟ್ ನೆಸೆಸಿಟಿ ಎಂಬಲ್ಲಿ ಫ್ರೆಂಚರಿಗೆ ಶರಣಾದಾಗ ಅವನಿಗೆ ಹೇಗನಿಸಿತೆಂದು ಈಗ ತನಗೆ ಗೊತ್ತಾಯಿತು ಎನ್ನುತ್ತಾನೆ. ಇದು ನಿಜವಾಗಿ ನಡೆದ ಘಟನೆ. ಆಗ ವಾಷಿಂಗ್ಟನ್ನನಿಗೆ 22 ವರ್ಷ. ಪ್ರಶ್ನೆಪತ್ರಿಕೆಯಲ್ಲಿಲ್ಲದ ಸಂಗತಿಯೊಂದು ಹುಡುಗನ ತಲೆಯಲ್ಲಿ ನಿಂತಿದೆಯೆಂದು ತಿಳಿದು ಶಿಕ್ಷಕಿ ಬೆರಗಾಗುತ್ತಾರೆ. ಒಂದು ಅಂಕ ಸೇರಿಸುತ್ತಾರೆ. ಉತ್ತೀರ್ಣತೆಯ ತೀರ ಕೆಳಗಿನ ಮೆಟ್ಟಿಲಿನ ಆ ಉತ್ತರಪತ್ರಿಕೆಯನ್ನು ಹೋಮರ್ ಹೆಮ್ಮೆಯಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾನೆ.

ಈ ಅಂಕವನ್ನು ಕೊಡಬಹುದಿತ್ತೇ ಎಂದು ಶಿಕ್ಷಕರು ವಾದಿಸಬಹುದು. ನಮಗೆ ಮುಖ್ಯವೆನಿಸಿದ್ದು ಬೇರೆ. ಮಗು ತನಗೆ ತಿಳಿದುದನ್ನು ತನ್ನದೇ ಭಾಷೆಯಲ್ಲಿ, ತನ್ನ ಸಂಕಟಕ್ಕೆ ಹೊಂದಿಸಿ ಹೇಳಿದಾಗ ಕಲಿಕೆ ನಡೆದಿದೆಯೆಂದು ತಿಳಿಯುತ್ತದೆ. ಮನೆಮಾತಿನಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಆ ಅವಕಾಶ ಪ್ರತಿದಿನವೂ ಇದೆ. ಅಂಕಪಟ್ಟಿಯನ್ನಷ್ಟೇ ನೋಡಿ ಮಗುವನ್ನು ಕನ್ನಡ ಮಾಧ್ಯಮದಿಂದ ಬಿಡಿಸಬೇಕೇ ಎಂದು ಯೋಚಿಸುವ ಹೆತ್ತವರು ಈ ದೃಶ್ಯವನ್ನು ಒಮ್ಮೆ ನೋಡಬೇಕು.

ಬದಲಿ ಮೇಷ್ಟ್ರು ಬರೆದುಕೊಟ್ಟ ಚೀಟಿ

1991ರ ಏಪ್ರಿಲ್ 25ರ 'ಲೀಸಾಸ್ ಸಬ್‌ಸ್ಟಿಟ್ಯೂಟ್' ಸಂಚಿಕೆಯಲ್ಲಿ ಲೀಸಾಳ ತರಗತಿಗೆ ಬರ್ಗ್‌ಸ್ಟ್ರಾಮ್ ಎಂಬ ಬದಲಿ ಶಿಕ್ಷಕರು ಬರುತ್ತಾರೆ. ಈ ಪಾತ್ರಕ್ಕೆ ಕಂಠದಾನ ಮಾಡಿದವರು ಹೆಸರಾಂತ ನಟ ಡಸ್ಟಿನ್ ಹಾಫ್‌ಮನ್. ಓದುವ, ಪ್ರಶ್ನೆ ಕೇಳುವ ಹುಡುಗಿಯಾದ ಲೀಸಾಳಿಗೆ ಅವರು ಮೊದಲ ಬಾರಿಗೆ ಮನ್ನಣೆ ಕೊಡುತ್ತಾರೆ. ತನ್ನ ತಂದೆಗೆ ಇಲ್ಲದ್ದೆಲ್ಲ ಅವರಲ್ಲಿ ಅವಳಿಗೆ ಕಾಣುತ್ತದೆ. ಖಾಯಂ ಶಿಕ್ಷಕಿ ಮರಳಿದಾಗ ಅವರು ಬೇರೆ ಊರಿಗೆ ಹೊರಡಬೇಕಾಗುತ್ತದೆ. ರೈಲು ನಿಲ್ದಾಣಕ್ಕೆ ಓಡಿಬಂದ ಹುಡುಗಿಗೆ, ಒಂಟಿಯೆನಿಸಿದಾಗ ನೋಡಿಕೋ ಎಂದು ಒಂದು ಚೀಟಿ ಕೊಡುತ್ತಾರೆ. ನೀನು ಲೀಸಾ ಸಿಂಪ್ಸನ್ ಎಂಬುದಷ್ಟೇ ಅದರಲ್ಲಿರುವ ಮಾತು.

ಮನೆಗೆ ಬಂದ ಲೀಸಾ ತನ್ನ ದುಃಖವನ್ನು ಅರಿಯದ ತಂದೆಯನ್ನು ಕಟುವಾಗಿ ಜರೆಯುತ್ತಾಳೆ. ಹೋಮರ್ ಜಾಣನಲ್ಲ. ಮಗಳು ಓದುವ ಪುಸ್ತಕಗಳು ಅವನಿಗೆ ತಿಳಿಯವು. ಆದರೂ ಅವಳ ಕೋಣೆಗೆ ಹೋಗಿ, ತನಗೆ ಬರುವ ಮಾತಿನಲ್ಲಿ, ಕೋತಿಯಂತೆ ಆಡಿ ಅವಳನ್ನು ನಗಿಸುತ್ತಾನೆ. ತಮಗಿಂತ ಹೆಚ್ಚು ಓದಿದ ಮಕ್ಕಳ ಮುಂದೆ ಮಾತು ತಡವರಿಸುವ ಹೆತ್ತವರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಆ ಹತ್ತಿರ ಕೂರುವಿಕೆಗೆ ವಿದ್ಯೆ ಬೇಕಿಲ್ಲ ಎಂಬುದನ್ನು ಈ ಸಂಚಿಕೆ ಉಪದೇಶವಿಲ್ಲದೆ ತೋರಿಸುತ್ತದೆ.

ಅಪು, ಅವನ ಮಾತು ಮತ್ತು ನಾವು

ಭಾರತೀಯ ನೋಡುಗರನ್ನು ಇರಿಯುವ ಪಾತ್ರ ಅಪು. ಊರಿನ ದಿನಸಿ ಅಂಗಡಿ ನಡೆಸುವ ಭಾರತೀಯ. ಸತ್ಯಜಿತ್ ರಾಯ್ ಅವರ ಚಲನಚಿತ್ರಗಳ ಅಪುವಿನಿಂದ ಈ ಹೆಸರನ್ನು ಪಡೆಯಲಾಯಿತು. ಆದರೆ ಅವನ ದನಿ ಅಮೆರಿಕದ ಬಿಳಿಯ ನಟ ಹ್ಯಾಂಕ್ ಅಜೇರಿಯಾ ಅವರದು. ಭಾರತೀಯರ ಇಂಗ್ಲಿಷ್ ಉಚ್ಚಾರಣೆಯನ್ನು ಹಿಗ್ಗಿಸಿ ನಗೆಯ ವಸ್ತುವಾಗಿಸಿದ ದನಿ ಅದು.

1996ರ ಮೇ 5ರ 'ಮಚ್ ಅಪು ಅಬೌಟ್ ನಥಿಂಗ್' ಸಂಚಿಕೆಯನ್ನು ಗಡಿನಾಡಿನ ಓದುಗರು ಗಮನಿಸಬೇಕು. ಊರಿಗೆ ದಾರಿತಪ್ಪಿ ಒಂದು ಕರಡಿ ಬರುತ್ತದೆ. ಜನ ಹೆದರಿ ಕರಡಿ ಕಾವಲು ಬೇಕೆಂದು ಗಲಾಟೆ ಮಾಡುತ್ತಾರೆ. ಕಾವಲಿಗಾಗಿ ತೆರಿಗೆ ಏರಿದಾಗ ಮತ್ತೆ ಗಲಾಟೆ. ಜನರ ಸಿಟ್ಟಿನಿಂದ ತಪ್ಪಿಸಿಕೊಳ್ಳಲು ಮೇಯರ್, ತೆರಿಗೆ ಏರಲು ಅಕ್ರಮ ವಲಸಿಗರೇ ಕಾರಣವೆಂದು ಹೇಳಿಬಿಡುತ್ತಾನೆ. ಅವರನ್ನು ಹೊರಗಟ್ಟುವ ಪ್ರಸ್ತಾವ ಮತಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಮತಕ್ಕೆ ಬಂದಿದ್ದ ವಲಸಿಗರ ವಿರುದ್ಧದ 187ನೇ ಪ್ರಸ್ತಾವ ಇದರ ಹಿನ್ನೆಲೆ.

ಅಪುವಿನ ವೀಸಾ ಅವಧಿ ಎಂದೋ ಮುಗಿದಿರುತ್ತದೆ. ಅವನು ನಕಲಿ ಕಾಗದ ಮಾಡಿಸಿಕೊಂಡು, ತಲೆಗೆ ಅಗಲ ಟೋಪಿ ಇಟ್ಟು, ತನ್ನ ಮಾತಿನ ಧಾಟಿಯನ್ನೇ ಬದಲಿಸಿ ಅಪ್ಪಟ ಅಮೆರಿಕನ್ನನಂತೆ ನಟಿಸುತ್ತಾನೆ. ಆದರೆ ಗಣೇಶನ ಮೂರ್ತಿಯ ಎದುರಿಗೆ ಬಂದಾಗ ಆ ನಟನೆ ಸಾಧ್ಯವಾಗುವುದಿಲ್ಲ. ತಂದೆತಾಯಿಗಳನ್ನು, ತನ್ನ ತನವನ್ನು ಬಿಟ್ಟುಕೊಟ್ಟೆನೆಂದು ಕುಸಿಯುತ್ತಾನೆ. ಕೊನೆಗೆ ಪೌರತ್ವದ ಪರೀಕ್ಷೆ ಬರೆದು, ಊರಿನ ಬಹುಪಾಲು ಜನರಿಗಿಂತ ಹೆಚ್ಚು ತಿಳಿದವನೆಂದು ತೋರಿಸಿ ಉತ್ತೀರ್ಣನಾಗುತ್ತಾನೆ.

ನಮ್ಮ ಸ್ಥಿತಿ ಅಪುವಿನದಲ್ಲ. ನಾವು ಎಲ್ಲಿಂದಲೋ ವಲಸೆ ಬಂದವರಲ್ಲ. ನಾವು ಇದ್ದಲ್ಲೇ ಇದ್ದೆವು, ರಾಜ್ಯಗಳ ಗಡಿ ಹೊಸದಾಗಿ ಎಳೆಯಲ್ಪಟ್ಟಿತು. ಆದರೂ ಆಫೀಸಿನ ಕಿಟಕಿಯಲ್ಲಿ ರಾಜ್ಯದ ಭಾಷೆಯನ್ನು ಕನ್ನಡದ ಧಾಟಿಯಲ್ಲಿ ಆಡಿದಾಗ ಎದುರಿನವರ ತುಟಿಯಂಚಿನಲ್ಲಿ ಮೂಡುವ ನಗೆಯನ್ನು ನಾವು ಬಲ್ಲೆವು. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಒಂದು ಮಾತು ಎಂದು ನಾಲಿಗೆ ಹೊರಳಿಸುವುದು ನಮ್ಮ ಮಕ್ಕಳಿಗೆ ಎಳವೆಯಲ್ಲಿಯೇ ಅಭ್ಯಾಸವಾಗುತ್ತದೆ. ಹಲವು ಭಾಷೆ ಬಲ್ಲವರಾಗುವುದು ಸಂಪತ್ತು. ಒಂದನ್ನು ಬಚ್ಚಿಡಬೇಕಾಗಿ ಬಂದಾಗ ಅದು ಹೊರೆಯಾಗುತ್ತದೆ.

ಸಂಚಿಕೆ ಅಪುವಿನ ಪರವಾಗಿದೆ. ಆದರೆ ಅವನ ಪರವಾಗಿ ಮಾತಾಡುವ ದನಿಯೇ ಅಣಕದ ದನಿ. ಈ ವಿರೋಧವನ್ನು ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು 2017ರ 'ದಿ ಪ್ರಾಬ್ಲಂ ವಿತ್ ಅಪು' ಸಾಕ್ಷ್ಯಚಿತ್ರದಲ್ಲಿ ಎತ್ತಿ ತೋರಿಸಿದರು. ಅಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳನ್ನು ಸಹಪಾಠಿಗಳು ಅಪುವಿನ ಮಾತಿನಿಂದಲೇ ಕೆಣಕುತ್ತಿದ್ದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ಇನ್ನು ದನಿ ಕೊಡುವುದಿಲ್ಲವೆಂದು ಹಿಂದೆ ಸರಿದರು. ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ನಟರ ದನಿ ಇರುವುದಿಲ್ಲವೆಂದು ಧಾರಾವಾಹಿಯೂ ಅದೇ ವರ್ಷ ಪ್ರಕಟಿಸಿತು. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಮ್ಯಾಗಿಯ ಫೋಟೋಗಳು ಎಲ್ಲಿವೆ?

ನಾವು ನೋಡಿದ ಕೊನೆಯದು 1995ರ ಜನವರಿ 22ರ ಸಂಚಿಕೆ. ಮನೆಯ ಆಲ್ಬಮ್‌ನಲ್ಲಿ ಮ್ಯಾಗಿಯ ಫೋಟೋ ಏಕಿಲ್ಲವೆಂದು ಮಕ್ಕಳು ಕೇಳುತ್ತಾರೆ. ಉತ್ತರವಾಗಿ ಹಿಂದಿನ ಕಥೆ ತೆರೆದುಕೊಳ್ಳುತ್ತದೆ. ಹೋಮರ್ ಸ್ಥಾವರದ ಕೆಲಸ ಬಿಟ್ಟು ತನಗೆ ಇಷ್ಟವಾದ, ಸಂಬಳ ಕಡಿಮೆಯಿರುವ ಕೆಲಸಕ್ಕೆ ಸೇರಿರುತ್ತಾನೆ. ಮೂರನೆಯ ಮಗು ಬರಲಿದೆಯೆಂದು ತಿಳಿದಾಗ ಮತ್ತೆ ಹಳೆಯ ಮಾಲೀಕನ ಮುಂದೆ ನಿಲ್ಲಬೇಕಾಗುತ್ತದೆ. ಮಾಲೀಕ ಅವನ ಮೇಜಿನ ಎದುರು, ನೀನು ಇನ್ನು ಎಂದೆಂದಿಗೂ ಇಲ್ಲೇ ಎಂಬರ್ಥದ ಫಲಕ ಹಾಕಿಸುತ್ತಾನೆ. ಹೋಮರ್ ಆ ಫಲಕದ ಕೆಲವು ಅಕ್ಷರಗಳನ್ನು ಮ್ಯಾಗಿಯ ಫೋಟೋಗಳಿಂದ ಮುಚ್ಚುತ್ತಾನೆ. ಉಳಿದ ಅಕ್ಷರಗಳನ್ನು ಓದಿದರೆ 'ಅವಳಿಗಾಗಿ ಮಾಡು' ಎಂಬ ಅರ್ಥ ಬರುತ್ತದೆ. ಅಲ್ಲಿ ನಮ್ಮಲ್ಲಿ ಯಾರಿಗೂ ನಗೆ ಬರಲಿಲ್ಲ.

ಮನೆಯಲ್ಲಿ ಹೇಗೆ ನೋಡಬಹುದು?

ಅಮೆರಿಕದಲ್ಲಿ ಇದರ ಸಂಚಿಕೆಗಳಿಗೆ ಹೆಚ್ಚಾಗಿ ಹೆತ್ತವರ ಮಾರ್ಗದರ್ಶನ ಬೇಕೆಂಬ ಇಲ್ಲವೇ 14 ವರ್ಷದ ಒಳಗಿನವರಿಗೆ ತಕ್ಕುದಲ್ಲವೆಂಬ ಸೂಚನೆ ಇರುತ್ತದೆ. ಪ್ರೌಢಶಾಲೆಗೆ ಬಂದ ಮಕ್ಕಳೊಂದಿಗೆ, ದೊಡ್ಡವರೂ ಜೊತೆಗೆ ಕುಳಿತು ನೋಡುವುದು ಲೇಸು. ಹಿರಿಯರು ಒಮ್ಮೆ ಮೊದಲೇ ನೋಡಿಕೊಂಡರೆ ಇನ್ನೂ ಒಳ್ಳೆಯದು. ಮೊದಲ ಎಂಟು ಋತುಗಳಿಂದ ಆರಿಸಿಕೊಂಡರೆ ಕಥೆಯ ಎಳೆ ಸುಲಭವಾಗಿ ಹಿಡಿಯುತ್ತದೆ. ಪಾತ್ರಗಳಿಗೆ ವಯಸ್ಸಾಗದ ಕಾರಣ ಯಾವ ಸಂಚಿಕೆಯಿಂದಲೂ ಆರಂಭಿಸಬಹುದು.

ಇದು ಹೇಗೆ ತಯಾರಾಗುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಮೊದಲು ಬರಹ, ಆಮೇಲೆ ದನಿ, ದನಿಗೆ ತಕ್ಕಂತೆ ಚಿತ್ರ. ಚಿತ್ರ ಬಿಡಿಸುವ ಕೆಲಸದ ದೊಡ್ಡ ಪಾಲು ದಕ್ಷಿಣ ಕೊರಿಯಾದ ಕಲಾವಿದರದು. ಒಂದು ಸಂಚಿಕೆ ಸಿದ್ಧವಾಗಲು ತಿಂಗಳುಗಟ್ಟಲೆ ಬೇಕು. ಹತ್ತು ವರ್ಷದ ಹುಡುಗ ಬಾರ್ಟ್‌ಗೆ ಮೊದಲಿನಿಂದಲೂ ದನಿ ಕೊಟ್ಟವರು ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಮಹಿಳೆ ಎಂದರೆ ಮಕ್ಕಳು ಕಣ್ಣರಳಿಸುವುದು ಖಂಡಿತ.

ನೋಡಿ ಮುಗಿದ ಮೇಲೆ ಒಂದು ಕೆಲಸ ಮಾಡಬಹುದು. ಕಥೆಯನ್ನು ಅಜ್ಜಿಗೋ ಅಜ್ಜನಿಗೋ ಕನ್ನಡದಲ್ಲಿ ಹೇಳಲು ಮಗುವನ್ನು ಕೇಳಿ. ಇಂಗ್ಲಿಷಿನಲ್ಲಿ ನಗಿಸಿದ್ದು ಕನ್ನಡದಲ್ಲಿ ನಗಿಸದೆ ಹೋಗಬಹುದು. ಆಗ ಮಗು ಬೇರೆ ಮಾತು ಹುಡುಕುತ್ತದೆ, ಹೋಲಿಕೆ ಕಟ್ಟುತ್ತದೆ, ಹೋಮರನಿಗೆ ಊರಿನ ಯಾರದೋ ಹೆಸರು ಇಡುತ್ತದೆ. ಐವತ್ತೊಂಬತ್ತು ಅಂಕದ ಕಥೆಯಿಂದಲೇ ತೊಡಗಿರಿ. ಕಥೆ ಹೇಳಿ ಮುಗಿಸಿದ ಮಗು ತನ್ನ ಚೀಲದಲ್ಲಿ ಮಡಚಿಟ್ಟ ಉತ್ತರಪತ್ರಿಕೆಯೊಂದನ್ನು ಹೊರತೆಗೆದರೆ, ಬೈಯುವ ಮುಂಚೆ ಅದನ್ನು ಪೂರ್ತಿ ಓದಿ ನೋಡಿ.